ಕಾಲ ದಾಟಿ ಹೋಗಿ ಪ್ರೀತಿಸೋ ಕಾದಂಬರಿಗಳು ನಿಮಗೆ ಯಾಕೆ ಹಿಡಿಸುತ್ತೆ?

ಹಾಸನದ ಸಿಸ್ಟರ್:
ನಾನು ಹಾಸನದಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗೋ ಮುಂಚೆ ನಾಲ್ಕು ಪುಟ ಓದಿದ್ರೇನೇ ನಿದ್ದೆ. ಈಚೆಗೆ ಓದ್ತಿರೋದೆಲ್ಲ ಒಂದೇ ಥರದ್ದು: ಈ ಕಾಲದ ಹೆಣ್ಣು ಹೇಗೋ ಹಳೇ ಕಾಲಕ್ಕೆ ಹೋಗಿ ಅಲ್ಲೊಬ್ಬನಿಗೆ ಮನಸೋಲೋ ಕಥೆ.

ಈ ಗೀಳು ಹತ್ತಿಸಿದ್ದು ಡಯಾನಾ ಗ್ಯಾಬಲ್ಡನ್ ಅವರ 'ಔಟ್‌ಲ್ಯಾಂಡರ್', 1991ರಲ್ಲಿ ಬಂದದ್ದು. ಅದರ ಕ್ಲೇರ್ ಕೂಡ ನರ್ಸ್, ಎರಡನೇ ಮಹಾಯುದ್ಧದಲ್ಲಿ ದುಡಿದವಳು. ಸ್ಕಾಟ್ಲೆಂಡಿನ ನಿಲುಗಲ್ಲುಗಳ ನಡುವಿಂದ 1743ಕ್ಕೆ ಹೋಗಿ ಬೀಳ್ತಾಳೆ. ಹೋದ ಸ್ವಲ್ಪ ಹೊತ್ತಿಗೇ ಜೇಮಿ ಅನ್ನೋನ ಭುಜದ ಕೀಲು ತಪ್ಪಿರುತ್ತೆ. ಸುತ್ತ ಇರೋ ಗಂಡಸರು ಬಲವಂತವಾಗಿ ಕೂರಿಸೋಕೆ ಹೊರಟಾಗ ಇವಳು ತಡೆದು, ತಾನೇ ಕೂರಿಸ್ತಾಳೆ. ಕ್ಯಾಶುವಾಲಿಟಿಯಲ್ಲಿ ಅಂಥ ತೋಳು ಹಿಡಿದು ನಿಂತವಳು ನಾನು. ರೂಪ ನೋಡಿ ಅಲ್ಲ, ಕೈಕೆಲಸ ನೋಡಿ ಅವಳಿಗೆ ಮರ್ಯಾದೆ ಸಿಗೋದು ಅಲ್ಲಿಂದ ಶುರು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. 1746ರ ಕಲೊಡನ್ ಯುದ್ಧದಲ್ಲಿ ಅವನ ಜನ ಸೋತು ನೆಲಕಚ್ಚುತ್ತಾರೆ ಅಂತ ಅವಳಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಪ್ರೀತಿಸ್ತಾಳೆ. ನಮ್ಮ ವಾರ್ಡಿನಲ್ಲಿ ರಿಪೋರ್ಟ್ ನೋಡಿದ ನಮಗೆ ಗೊತ್ತಿರುತ್ತೆ, ಮಂಚದ ಪಕ್ಕ ಕೂತು ಕಿತ್ತಳೆ ಸುಲೀತಿರೋ ಹೆಂಡತಿಗೆ ಗೊತ್ತಿರಲ್ಲ. ಆ ಭಾರ ಹೊತ್ತ ನಾಯಕಿ ಬೇರೆ ಪ್ರೇಮಕಥೆಗಳಲ್ಲಿ ನನಗೆ ಸಿಕ್ಕಿಲ್ಲ. 'ಕೆಲಸವಿಲ್ಲದವರ ಓದು' ಅಂತಾಳೆ ನಮ್ಮಕ್ಕ. ನಾನು ಒಪ್ಪಲ್ಲ.

ನಮ್ಮ ಬೇಲೂರು, ಹಳೇಬೀಡು ಇಟ್ಕೊಂಡು ಇಂಥದ್ದೊಂದು ಬರೀಬೇಕು ಅಂತ ಆಸೆ. ನೀವಾದ್ರೆ ನಾಯಕೀನ ಯಾವ ವರ್ಷಕ್ಕೆ ಕಳಿಸ್ತೀರಿ?

ಮೂಡಿಗೆರೆ ತೋಟದಾಕೆ:
1117ಕ್ಕೆ ಕಳಿಸಿ ಮಾರಾಯ್ರೆ! ವಿಷ್ಣುವರ್ಧನ ಬೇಲೂರಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ ವರ್ಷ.

ನನಗೆ ಪ್ರೀತಿಗಿಂತ ಅಡುಗೆಮನೆ ಮುಖ್ಯ. ಅವಳು ಬೆಳಗ್ಗೆ ಎದ್ದರೆ ಕಾಫಿ ಇಲ್ಲ. ಬಾಬಾಬುಡನ್ ಬೀಜ ತಂದರು ಅನ್ನೋದೇ 17ನೇ ಶತಮಾನದ ಮಾತು. ಹಸಿಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಒಂದೂ ಇಲ್ಲ, ಎಲ್ಲ ಪೋರ್ಚುಗೀಸರು ಬಂದ ಮೇಲಿನವು. ಖಾರಕ್ಕೆ ಕಾಳುಮೆಣಸೇ ಗತಿ. ಅವಳು ಅವನ ಮನೆಯಲ್ಲಿ ಮೊದಲ ಸಲ ಸಾರು ಮಾಡೋಕೆ ನಿಂತು ಮೆಣಸಿನಕಾಯಿ ಹುಡುಕೋ ದೃಶ್ಯ ದಯವಿಟ್ಟು ಹಾಕಿ.

ಇನ್ನು ನಮ್ಮ ಗುಡ್ಡಗಳು. ತೋಟ ಇಲ್ಲ, ಸಿಲ್ವರ್ ಓಕ್ ಇಲ್ಲ (ಅದು ಆಸ್ಟ್ರೇಲಿಯಾದ ಮರ). ನಾನು ದಿನಾ ನಡೆದಾಡೋ ಜಾಗವನ್ನ ಬರೀ ಕಾಡಾಗಿ ನೋಡಬೇಕು ಅನ್ನೋ ಆಸೆಗೇ ನಾನು ಈ ಕಥೆಗಳನ್ನ ಓದೋದು. ನಾಯಕ ಹೇಗಿದ್ರೂ ನಡೆಯುತ್ತೆ.

ಚಿಕ್ಕಮಗಳೂರು ಮೇಷ್ಟ್ರು:
ನನ್ನದೊಂದು ತಕರಾರಿದೆ. ಇಂಥ ಕಥೆಗಳಲ್ಲಿ ಹೆಚ್ಚಾಗಿ ನಾಯಕ ಒಡೆಯ, ಇಲ್ಲಾ ವೀರ. ಓದುಗರಿಗೆ ಹಳೇ ಕಾಲ ಅಂದರೆ ಅರಮನೆ ಅಂತಲೇ ಆಗಿಹೋಗಿದೆ. 12ನೇ ಶತಮಾನಕ್ಕೆ ಒಂಟಿಯಾಗಿ ಬಂದಿಳಿದ ಹೆಣ್ಣನ್ನು ಮೊದಲು ಕೇಳೋದು 'ಯಾರ ಮಗಳು, ಯಾವ ಕುಲ' ಅಂತ. ಉತ್ತರ ಇಲ್ಲದವಳಿಗೆ ಬಾವಿ ಹತ್ತಿರ ಬಿಟ್ಟಾರೆಯೇ? ಇದನ್ನ ಬದಿಗಿಟ್ಟು ಬರೆದ ಪ್ರೇಮವನ್ನ ನಾನು ನಂಬಲಾರೆ.

ಬರೆಯೋದಾದರೆ ನಾಯಕ ಶಿಲ್ಪಿಯಾಗಿರಲಿ. ಬೇಲೂರಿನ ಕೆಲವು ಮದನಿಕೆಗಳ ಪೀಠದಲ್ಲಿ ಮಾಡಿದವರ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಲ್ಲಿ ಕೆಲಸ ಮಾಡಿದವರು. ಬಳ್ಳಿಗಾವಿಯಿಂದ ಬಂದವನೂ ಈ ಊರಿಗೆ ಹೊರಗಿನವನೇ, ಅವಳೂ ಹೊರಗಿನವಳೇ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತೆ. ಹಾಗಾಗಿ ಅವನಿಗೆ ಕೆಲಸದ ಅವಸರ ಇದ್ದೇ ಇರುತ್ತೆ. ಮಾತಿಗೆ ಬಿಡುವೆಲ್ಲಿ?

ಹಾಸನದ ಸಿಸ್ಟರ್:
ಶಿಲ್ಪಿ ಖಂಡಿತ. ಕಣ್ಣಿಗೆ ಕಲ್ಲಿನ ಚೂರು, ಹೆಬ್ಬೆರಳಿಗೆ ಉಳಿ ಏಟು, ಹಳೇ ಧೂಳಿನ ಕೆಮ್ಮು. ನನ್ನವಳಿಗೆ ಕೈತುಂಬ ಕೆಲಸ. ಧನುರ್ವಾಯು ತಡೆಯೋ ಟಿಟಿ ಇಂಜೆಕ್ಷನ್ ಇಲ್ಲ, ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದು ಒಗೆದ ಬಟ್ಟೆ ಕಟ್ಟಿ, ದವಡೆ ಬಿಗಿಯುತ್ತೇನೋ ಅಂತ ದಿನ ಎಣಿಸಬೇಕು.

ಆದ್ರೆ ವರ್ಷ 1117 ಬೇಡಮ್ಮ, 1130. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಆಗ ನಡೀತಿರುತ್ತೆ, ಶಿಲ್ಪಿಗೂ ಅಲ್ಲೇ ಜಾಗ ಸಿಗುತ್ತೆ. 1131ರಲ್ಲಿ ಶಾಂತಲಾದೇವಿ ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಶ್ರವಣಬೆಳಗೊಳದ ಶಾಸನ ಹೇಳುತ್ತೆ. ಮಗಳು ಹೋದ ದುಃಖಕ್ಕೆ ತಾಯಿ ಮಾಚಿಕಬ್ಬೆ ಉಪವಾಸ ಹಿಡಿದು ಪ್ರಾಣ ಬಿಟ್ಟಳು. ಇದನ್ನ ಓದಿಕೊಂಡೇ ಹೋದ ನರ್ಸ್, ರಾಣಿಯ ನಾಡಿ ಹಿಡಿದು ಕೂತಿದ್ದಾಳೆ ಅಂದ್ಕೊಳ್ಳಿ. ಬಾಗಿಲಲ್ಲಿ ತಾಯಿ ನಿಂತು 'ಹೇಗಿದ್ದಾಳೆ?' ಅಂತ ಕೇಳ್ತಾಳೆ. ನನ್ನ ಕಾದಂಬರಿಗೆ ಈ ಪ್ರಶ್ನೆ ಬೇಕು. ಸಂಜೆ ಅವಳು ಅದನ್ನ ಹೇಳ್ಕೊಂಡು ಅಳೋಕೆ ಆ ಶಿಲ್ಪಿ ಬೇಕು.

ಮೊದಲ ಅಧ್ಯಾಯ ಬರೆದು ಇಲ್ಲೇ ಹಾಕ್ತೀನಿ. ಮೇಷ್ಟ್ರೇ, 'ಯಾರ ಮಗಳು' ಅಂತ ಬಾವಿ ಹತ್ತಿರ ಕೇಳಿದಾಗ ಅವಳು ಏನಂದ್ರೆ ಆ ಕಾಲದವರು ಒಪ್ಪಬಹುದು? ಸ್ವಲ್ಪ ಯೋಚಿಸಿ ಹೇಳಿ, ಅಲ್ಲಿಗೇ ಪೆನ್ನು ನಿಂತಿದೆ.