ಕೋಟೆಯ ಹಳದಿಯನ್ನು ಯಂತ್ರದ ಕೈಗೆ ಬಿಡಬೇಡ

ಸುಮಂತ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಸಂದೇಶವನ್ನು ಬೆಳಿಗ್ಗೆಯೇ ಓದಿದೆ. ಡಿಸೆಂಬರ್ ಕೊನೆಯ ವಾರ ನಾಲ್ಕು ದಿನ ಜೈಸಲ್ಮೇರಿಗೆ ಹೋಗುತ್ತಿದ್ದೇನೆ, ಹೊಸ ಕ್ಯಾಮೆರಾ ಕೊಂಡಿದ್ದೇನೆ, ಎಲ್ಲೆಲ್ಲಿ ಫೋಟೊ ತೆಗೆಯಬೇಕು ಎಂದು ಪಟ್ಟಿ ಕೊಡಿ ಅತ್ತೆ ಎಂದು ಕೇಳಿದ್ದೀಯ. ಅದರ ಕೆಳಗೆ ರಾಜಣ್ಣ, ‘ಅಲ್ಲಿ ಮರಳು ಬಿಟ್ಟರೆ ಏನಿದೆ, ಎರಡು ಗಂಟೆ ಸಾಕು’ ಎಂದು ಬರೆದಿದ್ದಾನೆ. ರಾಜಣ್ಣ, ನೀನು ಬಂದಿದ್ದಾಗ ಚಳಿ ಚಳಿ ಎಂದು ಮೂರು ದಿನ ರಜಾಯಿಯಿಂದ ಹೊರಗೆ ತಲೆ ಹಾಕಲಿಲ್ಲ. ನೀನು ಕಂಡಿದ್ದು ನಮ್ಮ ಬಾಡಿಗೆ ಮನೆಯ ಸೂರು ಮಾತ್ರ. ಇದು ಬೆರಳಿನಲ್ಲಿ ಒತ್ತಿ ಮುಗಿಸುವ ಉತ್ತರವಲ್ಲ, ಆದ್ದರಿಂದ ಮಾತನಾಡಿಯೇ ಕಳಿಸುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ನಿಮ್ಮ ಮಾವನ ಬ್ಯಾಂಕಿನ ಕೆಲಸದಿಂದಾಗಿ ನಾವು ಅಲ್ಲಿದ್ದದ್ದು 1998ರಿಂದ ಮೂರು ವರ್ಷ. ಸಾಗರದ ಮಳೆಯಲ್ಲಿ ಹುಟ್ಟಿ ಬೆಳೆದವಳಿಗೆ ವರ್ಷಕ್ಕೆ ಐದಾರು ಸಲ ಮೋಡ ಕಂಡರೆ ಹೆಚ್ಚು ಎನ್ನುವ ಊರು. ಅಪ್ಪ ಕೊಟ್ಟ ಹಳೆಯ ಕ್ಯಾಮೆರಾ ಇತ್ತು, ಒಂದು ರೀಲಿಗೆ ಮೂವತ್ತಾರು ಚಿತ್ರ. ಮೊದಲ ರೀಲನ್ನು ಅಲ್ಲಿಯ ಒಂದು ಸ್ಟುಡಿಯೊಗೆ ಕೊಟ್ಟೆ. ತೊಳೆದು ಬಂದ ಚಿತ್ರಗಳಲ್ಲಿ ಕೋಟೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ಕೇಳಿದರೆ, ‘ಮೇಡಂ, ಚಿತ್ರದ ತುಂಬ ಹಳದಿ ತಿರುಗಿತ್ತು, ಯಂತ್ರ ಸರಿಮಾಡಿದೆ’ ಎಂದರು! ಆ ಊರಿನ ಕಲ್ಲೇ ಹಳದಿ, ಕೋಟೆಯ ಹೆಸರೇ ಸೋನಾರ್ ಕಿಲಾ, ಬಂಗಾರದ ಕೋಟೆ. ಅದನ್ನೇ ಕಾಯಿಲೆ ಎಂದು ತಿಳಿದು ಯಂತ್ರ ಔಷಧಿ ಕೊಟ್ಟಿತ್ತು.

ನಿನ್ನ ಹೊಸ ಕ್ಯಾಮೆರಾವೂ ಇದನ್ನೇ ಮಾಡುತ್ತದೆ, ಸದ್ದಿಲ್ಲದೆ ಮಾಡುತ್ತದೆ. 2017ರಲ್ಲಿ ಡಿಜಿಟಲ್ ಕ್ಯಾಮೆರಾ ಹಿಡಿದು ಮತ್ತೆ ಹೋದಾಗ ಗೊತ್ತಾಯಿತು. ಬೆಳಕಿಗೆ ತಕ್ಕಂತೆ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಎಂಬುದನ್ನು ಆಟೊದಲ್ಲಿ ಬಿಟ್ಟರೆ, ಕಣ್ಣ ಮುಂದೆ ಬರೀ ಹಳದಿಯೇ ಇರುವಾಗ ಅದು ಗಾಬರಿಗೊಂಡು ನೀಲಿ ಬೆರೆಸುತ್ತದೆ. ಬಿಸಿಲಿನ ಚಿಹ್ನೆಗೆ ತಿರುಗಿಸಿಡು, ನಾಲ್ಕು ದಿನವೂ ಅಲ್ಲೇ ಇರಲಿ. ಮರಳಿನ ಬಳಿ ಇನ್ನೊಂದು ತೊಂದರೆ ಇದೆ. ಅಷ್ಟು ಬೆಳಕನ್ನು ಕಂಡ ಕ್ಯಾಮೆರಾ ಚಿತ್ರವನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಒಳಬಿಡುವ ಬೆಳಕನ್ನು, ಅಂದರೆ ಎಕ್ಸ್‌ಪೋಶರನ್ನು ಸ್ವಲ್ಪ ಏರಿಸಿಕೊಳ್ಳಬೇಕು. ಮರಳಿನಲ್ಲಿ ಲೆನ್ಸ್ ಬದಲಾಯಿಸುವ ಚಪಲ ಮಾತ್ರ ಬೇಡ. ನನ್ನ ಜೂಮ್ ಲೆನ್ಸ್ ಇವತ್ತಿಗೂ ತಿರುಗಿಸಿದರೆ ರಾಗಿ ಬೀಸಿದ ಹಾಗೆ ಸದ್ದು ಮಾಡುತ್ತದೆ.

ಸೂರ್ಯನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದೇಶದ ಪಶ್ಚಿಮದ ತುದಿ ಅದು, ಗಡಿಯಾರ ಮಾತ್ರ ಎಲ್ಲರದ್ದೂ ಒಂದೇ. ಡಿಸೆಂಬರಿನಲ್ಲಿ ಅಲ್ಲಿ ಬೆಳಗಾಗುವುದು ಏಳೂಕಾಲು ದಾಟಿದ ಮೇಲೆ. ಬೆಂಗಳೂರಿನ ಅಭ್ಯಾಸದಲ್ಲಿ ಐದೂವರೆಗೆ ಎದ್ದು ಹೋಗಿ ಗಡೀಸರ್ ಕೆರೆಯ ದಂಡೆಯಲ್ಲಿ ಕುಳಿತರೆ ಹಲ್ಲು ಕಡಿಯುವುದೊಂದೇ ಕೆಲಸ. ಏಳು ಗಂಟೆಗೆ ಅಲ್ಲಿದ್ದರೆ ಸಾಕು. ಎಲ್ಲರೂ ನೀರಿನೊಳಗಿನ ಛತ್ರಿಗಳ, ಅಂದರೆ ಕಲ್ಲಿನ ಮಂಟಪಗಳ, ಹಿಂದೆ ಸೂರ್ಯ ಏಳುವುದನ್ನೇ ತೆಗೆಯುತ್ತಾರೆ. ನೀನೂ ಒಂದು ತೆಗೆದುಕೋ, ಬೇಡವೆಂದರೆ ಕೇಳುವವನೇ ನೀನು? ಆಮೇಲೆ ಸ್ವಲ್ಪ ಎತ್ತರಕ್ಕೆ ಹತ್ತಿ ಹಿಂದೆ ತಿರುಗು. ಮೊದಲ ಬಿಸಿಲು ಬೀಳುವುದು ಕೋಟೆಯ ಬುರುಜುಗಳ ಮೇಲೆ. ತೊಂಬತ್ತೊಂಬತ್ತು ಬುರುಜುಗಳಿವೆ. ಮೇಲಿನಿಂದ ಕೆಳಗೆ ಬಣ್ಣ ಇಳಿಯುವುದಕ್ಕೆ ಕೆಲವೇ ನಿಮಿಷ.

ಆ ಕೆರೆಯ ಹೆಬ್ಬಾಗಿಲಿಗೆ ತೀಲೋಂ ಕೀ ಪೋಲ್ ಎನ್ನುತ್ತಾರೆ. ತೀಲೋಂ ಎಂಬ ವೇಶ್ಯೆ ಕಟ್ಟಿಸಿದಳಂತೆ. ವೇಶ್ಯೆ ಕಟ್ಟಿಸಿದ ಬಾಗಿಲಿನಡಿ ಅರಮನೆಯವರು ಹೇಗೆ ನಡೆಯುವುದು ಎಂದು ಗುಲ್ಲೆದ್ದಾಗ, ಒಡೆಯಲು ಯಾರೂ ಕೈಹಾಕದಿರಲೆಂದು ಅದರ ಮೇಲೆ ಕೃಷ್ಣನನ್ನು ಕೂರಿಸಿಬಿಟ್ಟಳು ಎಂದು ಊರಿನವರು ಹೇಳುತ್ತಾರೆ. ಅವಳ ಜಾಣತನಕ್ಕಾಗಿಯೇ ಅಲ್ಲೊಂದು ಚಿತ್ರ ತೆಗೆಯಬೇಕು.

ಮಧ್ಯಾಹ್ನದ ಬಿಸಿಲಿನಲ್ಲಿ ಫೋಟೊ ತೆಗೆಯಬಾರದು ಎಂದು ಪುಸ್ತಕದಲ್ಲಿ ಓದಿರುತ್ತೀಯ. ಬಯಲಿನಲ್ಲಿ ಅದು ನಿಜ. ಹವೇಲಿಗಳ, ಅಂದರೆ ಹಳೆಯ ಕಾಲದ ದೊಡ್ಡ ಮನೆಗಳ, ಓಣಿಗಳಲ್ಲಿ ಸುಳ್ಳು. ಓಣಿ ಅಷ್ಟು ಇಕ್ಕಟ್ಟು, ಬಿಸಿಲು ಎದುರಿನ ಗೋಡೆಯ ಮೇಲೆ ಬಿದ್ದು, ಅಲ್ಲಿಂದ ಪುಟಿದು ಈ ಗೋಡೆಗೆ ಬರುತ್ತದೆ. ಅರಿಸಿನದ ನೀರಿನಲ್ಲಿ ಅದ್ದಿ ತೆಗೆದ ಹಾಗಿನ ಬೆಳಕು. ಜರೋಖಾಗಳ, ಅಂದರೆ ಹೊರಚಾಚಿದ ಕಿಟಕಿಗಳ, ಕೆತ್ತನೆಯ ಒಳಗುಗಳೆಲ್ಲ ಕಾಣುತ್ತವೆ. ಪಟುವಾ ಹವೇಲಿಗಳಿಗೆ ಜನಜಂಗುಳಿ ಇದ್ದೇ ಇರುತ್ತದೆ. ನಥಮಲ್ ಹವೇಲಿಯ ಎದುರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲು. ಹಾಥಿ ಮತ್ತು ಲುಲು ಎಂಬ ಇಬ್ಬರು ಅಣ್ಣತಮ್ಮಂದಿರು ಎಡಬಲದ ಭಾಗಗಳನ್ನು ಹಂಚಿಕೊಂಡು ಕೆತ್ತಿದರಂತೆ. ದೂರದಿಂದ ಎರಡೂ ಒಂದೇ, ಹತ್ತಿರ ಹೋದರೆ ಒಂದು ಕಿಟಕಿಯೂ ಇನ್ನೊಂದಕ್ಕೆ ಜೋಡಿಯಲ್ಲ. ನಮ್ಮ ಮನೆಯ ಅಣ್ಣತಮ್ಮಂದಿರ ಹಾಗೆಯೇ. ಇದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನು ಕೋಟೆ. 1156ರಲ್ಲಿ ಭಾಟಿ ರಜಪೂತರ ರಾವಲ್ ಜೈಸಲ್ ಕಟ್ಟಿಸಿದ್ದು, ಯುನೆಸ್ಕೊ ಪಟ್ಟಿಗೆ ಸೇರಿದ್ದು 2013ರಲ್ಲಿ. ಆದರೆ ಚಿತ್ರದುರ್ಗದ ಹಾಗೆ ನೋಡಿಕೊಂಡು ಇಳಿದು ಬರುವ ಕೋಟೆಯಲ್ಲ ಅದು. ಒಳಗೆ ಸಾವಿರಾರು ಜನ ಸಂಸಾರ ಮಾಡುತ್ತಿದ್ದಾರೆ. ಹಾಲಿನವನು ಬರುತ್ತಾನೆ, ಮಕ್ಕಳು ಶಾಲೆಗೆ ಓಡುತ್ತವೆ, ಹಸು ಬಂದು ನಿನ್ನ ಕ್ಯಾಮೆರಾ ಚೀಲ ಮೂಸುತ್ತದೆ. ಬೇರೆಯವರ ಜಗಲಿಯ ಮುಂದೆ ನಿಂತಿದ್ದೇನೆ ಎಂಬ ನೆನಪಿರಲಿ. ‘ಖಮ್ಮಾ ಘಣೀ’ ಎಂದು ಕೈಮುಗಿದು ಮಾತು ಶುರುಮಾಡು. ಮುಖದ ಮೇಲೆ ಘೂಂಘಟ್, ಅಂದರೆ ಸೆರಗು, ಎಳೆದುಕೊಂಡ ಹೆಂಗಸರ ಕಡೆಗೆ ಕ್ಯಾಮೆರಾ ಎತ್ತಲೇಬೇಡ. ನಾನು ಹೆಂಗಸಾದ್ದರಿಂದ ನನಗೆ ಒಳಗಿನ ಅಂಗಳ ಸಿಕ್ಕಿತು, ಹಪ್ಪಳ ಒಣಹಾಕುವ ತಾರಸಿ ಸಿಕ್ಕಿತು. ನಿನಗೆ ಸಿಗುವುದು ಬೀದಿ. ಬೀದಿಯಲ್ಲೂ ಬೇಕಾದಷ್ಟಿದೆ.

ವೈರು, ಪೈಪು, ನೀರಿನ ಟ್ಯಾಂಕುಗಳನ್ನು ಚಿತ್ರದಿಂದ ಅಳಿಸಬೇಡ ಎಂಬುದು ನನ್ನ ಹಟ. ಕೋಟೆ ನಿಂತಿರುವ ಗುಡ್ಡದಲ್ಲಿ ಮೆದು ಪದರಗಳಿವೆ. ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲಕ್ಕೆ ಕಟ್ಟಿದ್ದು ಅದು. ನಲ್ಲಿ ಬಂತು, ಹೋಟೆಲುಗಳು ಬಂದವು, ಚರಂಡಿಯ ನೀರು ಬುಡಕ್ಕೆ ಇಂಗಿತು, ಬುರುಜುಗಳು ಕುಸಿದವು. ನಾವಿದ್ದಾಗ ಊರಿನಲ್ಲೆಲ್ಲ ಅದೇ ಮಾತು. ಅದಕ್ಕೇ ಕೋಟೆಯ ಒಳಗಿನ ಹೋಟೆಲಿನಲ್ಲಿ ಉಳಿಯಬೇಡ, ಕೆಳಗೆ ಊರಿನಲ್ಲಿ ಉಳಿದುಕೋ. ಕೋಟೆ ಚೆನ್ನಾಗಿ ಕಾಣುವುದೂ ಕೆಳಗಿನಿಂದಲೇ.

ಸಮ್ ಮರಳು ದಿಬ್ಬಗಳು ಪಶ್ಚಿಮಕ್ಕೆ ನಲವತ್ತು ಕಿಲೋಮೀಟರ್. ಸಂಜೆ ಅಲ್ಲಿ ಒಂಟೆ, ಜೀಪು, ಧ್ವನಿವರ್ಧಕ ಎಲ್ಲ ಸೇರಿ ಜಾತ್ರೆ. ಹೋಗಲೇಬೇಕೆಂದರೆ ಬೆಳಿಗ್ಗೆ ಹೋಗು, ರಾತ್ರಿಯ ಗಾಳಿ ಹಿಂದಿನ ದಿನದ ಹೆಜ್ಜೆಗಳನ್ನು ಅಳಿಸಿರುತ್ತದೆ. ಡ್ರೋನ್ ಒಯ್ಯಲೇ ಎಂದು ಕೇಳಿದ್ದೀಯಲ್ಲ, ಬೇಡ. ವಾಯುಪಡೆಯ ನೆಲೆ ಇರುವ ಗಡಿ ಜಿಲ್ಲೆ ಅದು, ಅನುಮತಿ ಇಲ್ಲದೆ ಹಾರಿಸಿದರೆ ನಿನ್ನ ಉಳಿದ ರಜೆಯೆಲ್ಲ ಪೊಲೀಸ್ ಠಾಣೆಯಲ್ಲಿ ಕಳೆಯುತ್ತದೆ.

ಕುಲಧರಾ ಎಂಬ ಪಾಳುಬಿದ್ದ ಹಳ್ಳಿಗೆ ಹೋದರೆ ಎಲ್ಲರೂ ದೆವ್ವದ ಕಥೆ ಹೇಳುತ್ತಾರೆ. ಅದನ್ನು ಕೇಳಿಕೊಂಡು ಬರುವವರೇ ಹೆಚ್ಚು. ನಾನು ಕೇಳಿಕೊಳ್ಳುವುದು ಬೇರೆ. ಅಲ್ಲಿದ್ದ ಪಾಲಿವಾಲ ಬ್ರಾಹ್ಮಣರು ಬೇಸಾಯದಲ್ಲಿ ಪಳಗಿದವರು. ಕಲ್ಲು ಇಳಿಜಾರಿನಿಂದ ಹರಿದು ಬರುವ ಅಷ್ಟಿಷ್ಟು ಮಳೆನೀರನ್ನು ತಗ್ಗಿನಲ್ಲಿ ಮಣ್ಣಿನ ಏರಿ ಕಟ್ಟಿ ನಿಲ್ಲಿಸುತ್ತಿದ್ದರು. ಅದಕ್ಕೆ ಖಡೀನ್ ಎನ್ನುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲಿಯೇ ಗೋಧಿ, ಕಡಲೆ ಬಿತ್ತುವುದು. ಆ ಸೀಮೆಯಲ್ಲಿ ಇವತ್ತಿಗೂ ಖಡೀನ್‌ಗಳಲ್ಲಿ ಬೆಳೆ ತೆಗೆಯುತ್ತಾರೆ. ಮಳೆ ಸರಿಯಾಗಿ ಬಿದ್ದ ವರ್ಷ ಡಿಸೆಂಬರಿನಲ್ಲಿ ಆ ಬೋಳು ನೆಲದ ನಡುವೆ ಹಸಿರು ಪಟ್ಟಿ ಕಾಣುತ್ತದೆ. ಮೊದಲ ಸಲ ಕಂಡಾಗ ನಾನು ರಿಕ್ಷಾ ನಿಲ್ಲಿಸಿ ಸುಮ್ಮನೆ ನೋಡುತ್ತ ನಿಂತುಬಿಟ್ಟೆ, ಫೋಟೊ ತೆಗೆಯುವುದೇ ಮರೆತಿತ್ತು. ನೀನು ತೆಗೆದುಕೊಂಡು ಬಾ.

ಹಾಡುವವರ ಬಗ್ಗೆ ಒಂದು ಮಾತು. ಮಾಂಗಣಿಯಾರರು ಮುಸಲ್ಮಾನರು. ತಲೆಮಾರುಗಳಿಂದ ರಜಪೂತ ಯಜಮಾನರ ಮನೆಗಳ ಮದುವೆ, ಮಗು ಹುಟ್ಟಿದ ಸಂಭ್ರಮಗಳಲ್ಲಿ ಹಾಡುವವರು, ಆ ಮನೆಗಳ ವಂಶಾವಳಿ ಇವರ ಬಾಯಲ್ಲಿದೆ. ಅವರು ನುಡಿಸುವ ಕಮಾಯಚಾ ಎಂಬ ತಂತಿವಾದ್ಯವನ್ನು ಮಾವಿನ ಮರದಲ್ಲಿ ಕಡೆದು ಆಡಿನ ಚರ್ಮ ಬಿಗಿಯುತ್ತಾರೆ. ಹಮೀರಾ ಎಂಬ ಹತ್ತಿರದ ಹಳ್ಳಿಯ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂದದ್ದು ಈ ವಾದ್ಯಕ್ಕೇ. ರಾತ್ರಿ ಪ್ರವಾಸಿಗರ ಶಿಬಿರದ ಬಣ್ಣದ ದೀಪಗಳಲ್ಲಿ ಅವರ ಚಿತ್ರ ತೆಗೆದರೆ ನಾಟಕದ ಪಾತ್ರಗಳ ಹಾಗೆ ಬರುತ್ತದೆ. ಹಗಲಿನಲ್ಲಿ, ಶ್ರುತಿ ಮಾಡಿಕೊಳ್ಳುವಾಗ ಕೇಳಿ ತೆಗೆ. ಕೈಯಲ್ಲಿ ಹಣ ಇಡುವುದನ್ನು ಮರೆಯಬೇಡ, ಚೌಕಾಸಿ ಬೇಡ.

ಒಂದು ನಿಮಿಷ, ಒಲೆ ಆರಿಸಿ ಬಂದೆ.

ನನ್ನದೊಂದು ಕೆಲಸವೂ ಇದೆ. ಆ ಊರಿನಲ್ಲಿ ಮದುವೆಯಾದರೆ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಗಣೇಶನನ್ನು ಬರೆಸಿ, ಕೆಳಗೆ ವಧೂವರರ ಹೆಸರು, ದಿನಾಂಕ ಬರೆಸುತ್ತಾರೆ. ಅದೇ ಲಗ್ನಪತ್ರಿಕೆ. ಮುಂದಿನ ಮದುವೆಯವರೆಗೂ ಬಿಸಿಲಿಗೆ ಮಾಸುತ್ತ ಇರುತ್ತದೆ. 1999ರಲ್ಲಿ ಕೋಟೆಯ ಒಂದು ಓಣಿಯಲ್ಲಿ ಅಂಥದೊಂದು ಗಣೇಶನ ಕೆಳಗೆ ಕುಳಿತು ಕಬ್ಬು ಜಗಿಯುತ್ತಿದ್ದ ಹುಡುಗನ ಚಿತ್ರ ತೆಗೆದಿದ್ದೆ. 2017ರಲ್ಲಿ ಹೋದಾಗ ಅದೇ ಗೋಡೆಗೆ ಹೊಸ ಗಣೇಶ, ಕೆಳಗೆ ಆ ಹುಡುಗನದೇ ಹೆಸರು. ಮದುವೆ ಆಗಿ ಎರಡು ತಿಂಗಳಾಗಿತ್ತು. ಹೊಸ ಸೊಸೆಯನ್ನೂ ಸೇರಿಸಿ ಮನೆಯವರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಚಿತ್ರ ತೆಗೆದೆ. ಕಳಿಸುತ್ತೇನೆ ಎಂದು ಅಜ್ಜಿಯ ಕೈ ಹಿಡಿದು ಹೇಳಿ ಬಂದವಳು ಇಷ್ಟು ವರ್ಷ ಸುಮ್ಮನೆ ಕುಳಿತಿದ್ದೇನೆ. ಎರಡೂ ಚಿತ್ರಗಳನ್ನು ಪ್ರಿಂಟ್ ಹಾಕಿಸಿ ಲಕೋಟೆಯಲ್ಲಿಟ್ಟಿದ್ದೇನೆ, ಈ ಸಲ ಹಳದಿ ಸರಿಯಾಗಿ ಬಂದಿದೆ. ಭಾನುವಾರ ಬಂದು ತೆಗೆದುಕೊಂಡು ಹೋಗು. ಓಣಿಯ ಗುರುತನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಗೋಡೆಯ ಮೇಲೆ ಈಗ ಯಾರ ಹೆಸರಿದೆಯೋ, ಅದನ್ನೊಂದು ಫೋಟೊ ತೆಗೆದು ಇಲ್ಲಿಗೇ ಹಾಕು.

ಬರುವಾಗ ಘೋಟುವಾ ಲಾಡು ಒಂದು ಕಿಲೋ ತರಬೇಕು. ರಾಜಣ್ಣನಿಗೆ ಅದರಲ್ಲಿ ಪಾಲಿಲ್ಲ.