ಟೆಂಪರೆನ್ಸ್ ಅಂದ್ರೆ ಪಾನನಿಷೇಧವೇ? ಹ್ಯಾನಾ ಬೇಯ್ಲಿ ಬಗ್ಗೆ ಬರೆಯುವಾಗ ಎದ್ದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಹ್ಯಾನಾ ಜಾನ್‌ಸ್ಟನ್ ಬೇಯ್ಲಿ ಎಂಬ ಅಮೆರಿಕದ ಕ್ವೇಕರ್ (ಯುದ್ಧ, ಹಿಂಸೆ ಬೇಡ ಅನ್ನುವ ಕ್ರೈಸ್ತ ಪಂಥ) ಹೆಣ್ಣುಮಗಳ ಬಗ್ಗೆ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಅವರ ಜೀವಮಾನದ ಕೆಲಸವನ್ನು ಇಂಗ್ಲಿಷಿನವರು ಮೂರೇ ಪದದಲ್ಲಿ ಹೇಳಿ ಮುಗಿಸುತ್ತಾರೆ: ಪೀಸ್, ಟೆಂಪರೆನ್ಸ್, ಸಫ್ರೇಜ್. ನಾವು ಶಾಂತಿ, ಪಾನನಿಷೇಧ, ಮತಾಧಿಕಾರ ಅಂತ ಬರೆದುಬಿಡುತ್ತೇವೆ. ಮೂರೂ ಸರಿಯಾದ ಪದಗಳೇ. ಆದರೆ ಹಾಗೆ ಬರೆದಾಗ ಮೂರು ಸರ್ಕಾರಿ ಇಲಾಖೆಗಳ ಹೆಸರು ಓದಿದ ಹಾಗಾಗುತ್ತದೆ, ಒಬ್ಬ ಹೆಂಗಸು ಈ ಮೂರನ್ನೂ ಒಂದೇ ಕೆಲಸ ಅಂತ ಯಾಕೆ ಅಂದುಕೊಂಡರು ಅನ್ನುವುದು ಗೊತ್ತಾಗುವುದಿಲ್ಲ.

ಮೊದಲು ಆಕೆ ಯಾರು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಹುಟ್ಟಿದ್ದು 1839ರಲ್ಲಿ, ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ಪಕ್ಕದ ಕಾರ್ನ್‌ವಾಲ್‌ನಲ್ಲಿ. ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. 1867ರಲ್ಲಿ ಒಬ್ಬ ಕ್ವೇಕರ್ ಉಪದೇಶಕಿಯ ಜೊತೆ ನ್ಯೂ ಇಂಗ್ಲೆಂಡ್ ಕಡೆಯ ಜೈಲು, ಬಡವರ ವಸತಿಗಳನ್ನು ಸುತ್ತಿದರು. ಆ ಓಡಾಟದಲ್ಲೇ ಮೇನ್ ರಾಜ್ಯದ ವಿನ್‌ತ್ರಾಪ್ ಸೆಂಟರ್‌ನ ಮೋಸೆಸ್ ಬೇಯ್ಲಿ ಪರಿಚಯವಾಗಿ, ಮರುವರ್ಷ ಮದುವೆ. ಗಂಡನದ್ದು ಆಯಿಲ್‌ಕ್ಲಾತ್ (ನೆಲಕ್ಕೆ ಹಾಸುವ, ಎಣ್ಣೆ ಬಳಿದ ಬಟ್ಟೆ) ಕಾರ್ಖಾನೆ. 1882ರಲ್ಲಿ ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯನ್ನೂ ಪೋರ್ಟ್‌ಲ್ಯಾಂಡಿನ ಕಾರ್ಪೆಟ್ ಅಂಗಡಿಯನ್ನೂ ಕೆಲವು ವರ್ಷ ಇವರೇ ನಡೆಸಿದರು. 1883ರಲ್ಲಿ ಫ್ರಾನ್ಸಿಸ್ ವಿಲ್ಲರ್ಡ್ ಮುಂದಾಳಾಗಿದ್ದ ಕ್ರೈಸ್ತ ಮಹಿಳೆಯರ ಟೆಂಪರೆನ್ಸ್ ಒಕ್ಕೂಟ ಸೇರಿದರು. 1887ರಲ್ಲಿ ಆ ಒಕ್ಕೂಟದ ಶಾಂತಿ ವಿಭಾಗದ ಹೊಣೆ ಹೊತ್ತರು, 1888ರಿಂದ ಅದರ ಜಾಗತಿಕ ವಿಭಾಗದ್ದೂ ಇವರ ತಲೆ ಮೇಲೇ ಬಂತು. 1891ರಿಂದ ಕೆಲವು ವರ್ಷ ಮೇನ್ ರಾಜ್ಯದ ಮಹಿಳಾ ಸಫ್ರೇಜ್ ಸಂಘಕ್ಕೆ ಅಧ್ಯಕ್ಷೆ. ತೀರಿಕೊಂಡದ್ದು 1923ರಲ್ಲಿ.

ಈಗ ಟೆಂಪರೆನ್ಸ್. ಇದೇ ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು.

ಮೂಲದಲ್ಲಿ ಅದಕ್ಕೆ ಮಿತ, ಹಿಡಿತ ಅನ್ನುವ ಅರ್ಥ. 1826ರಲ್ಲಿ ಬಾಸ್ಟನ್‌ನಲ್ಲಿ ಶುರುವಾದ ಸಂಘದವರು ಭಟ್ಟಿ ಇಳಿಸಿದ ಮದ್ಯ ಬೇಡ ಅಂದರೇ ಹೊರತು ಬಿಯರು, ವೈನುಗಳ ತಂಟೆಗೆ ಅಷ್ಟಾಗಿ ಹೋಗಿರಲಿಲ್ಲ. ಹತ್ತು ಹದಿನೈದು ವರ್ಷದಲ್ಲಿ ಒಂದು ತೊಟ್ಟೂ ಬೇಡ ಅನ್ನುವವರ ಕೈ ಮೇಲಾಯಿತು. ಪದ ಮಾತ್ರ ಹಳೆಯದೇ ಉಳಿಯಿತು. ಆದ್ದರಿಂದ ಮಿತಪಾನ, ಸಂಯಮ ಅಂತ ಬರೆದರೆ ಪದ ಸರಿ, ಚರಿತ್ರೆ ತಪ್ಪು. ಬೇಯ್ಲಿ ಕಾಲದ ಒಕ್ಕೂಟದ ಹೆಂಗಸರಿಗೆ ‘ಮಿತವಾಗಿ ಕುಡೀರಿ’ ಅಂದಿದ್ದರೆ ಹೊರಗೆ ಕಳಿಸುತ್ತಿದ್ದರು.

ಹಾಗಾದರೆ ಪಾನನಿಷೇಧ? ನಿಷೇಧ ಅಂದರೆ ಮೇಲಿನಿಂದ ಬರುವಂಥದ್ದು. 2007ರಲ್ಲಿ ನಮ್ಮಲ್ಲಿ ಸಾರಾಯಿ ನಿಷೇಧ ಆಯಿತಲ್ಲ, ಅದು ಸರ್ಕಾರ ಮಾಡಿದ್ದು. ಅದನ್ನು ಯಾರೂ ಸಾರಾಯಿ ವರ್ಜನ ಅನ್ನಲಿಲ್ಲ. ಅದೇ ಊರೂರಲ್ಲಿ ನಡೆಯುವ ಮದ್ಯವರ್ಜನ ಶಿಬಿರ ನೋಡಿ, ಅಲ್ಲಿ ಕುಡಿಯುವವನೇ ಬಂದು ಕೂತು ಬಿಡುತ್ತೇನೆ ಅನ್ನಬೇಕು. ಈ ವ್ಯತ್ಯಾಸ ಕನ್ನಡದಲ್ಲಿ ಎಷ್ಟು ಚೆನ್ನಾಗಿದೆ ಅಂದರೆ, ಇಂಗ್ಲಿಷಿನ ಒಂದು ಪದಕ್ಕೆ ನಾವು ಯಾಕೆ ಒಂದೇ ಪದ ಹುಡುಕಬೇಕು ಅನ್ನಿಸುತ್ತದೆ.

ಕ್ವೇಕರ್ ವಿಷಯದಲ್ಲಂತೂ ಈ ವ್ಯತ್ಯಾಸ ಬರೀ ಪದದ್ದಲ್ಲ. ಮೇನ್ ರಾಜ್ಯ 1851ರಲ್ಲೇ ಮದ್ಯ ಮಾರಾಟ ನಿಷೇಧಿಸಿತ್ತು. ಅದನ್ನು ತಂದವರು ಪೋರ್ಟ್‌ಲ್ಯಾಂಡಿನ ಮೇಯರ್ ನೀಲ್ ಡೌ. ಹುಟ್ಟಿದ್ದು ಕ್ವೇಕರ್ ಮನೆಯಲ್ಲೇ. ಬಲಪ್ರಯೋಗ ತಪ್ಪಲ್ಲ ಅನ್ನುವುದು ಡೌ ನಿಲುವು, ಅದಕ್ಕೇ ಕ್ವೇಕರರು ಅವರನ್ನು ಹೊರಗಿಟ್ಟರು. 1855ರಲ್ಲಿ, ನಗರಸಭೆಯವರು ಔಷಧಿಗೆಂದು ತರಿಸಿದ್ದ ಮದ್ಯ ಇಟ್ಟಿದ್ದ ಕಟ್ಟಡದ ಮುಂದೆ ಜನ ಸೇರಿ ಗಲಾಟೆ ಆದಾಗ ಡೌ ಗುಂಡು ಹಾರಿಸಲು ಹೇಳಿದರು, ಒಬ್ಬ ಸತ್ತ. ಮರುವರ್ಷ ಕಾನೂನೇ ರದ್ದಾಯಿತು. ಮತ್ತೆ 1858ರಲ್ಲಿ ಬಂತು, 1884ರಲ್ಲಿ ರಾಜ್ಯದ ಸಂವಿಧಾನಕ್ಕೇ ಸೇರಿತು. ಅಂದರೆ ಬೇಯ್ಲಿ ಒಕ್ಕೂಟ ಸೇರಿದ್ದು ನಿಷೇಧ ಆಗಲೇ ಇದ್ದ ರಾಜ್ಯದಲ್ಲಿ. ನಿಷೇಧ ಕಾಯಲು ಕೊನೆಗೆ ಪೊಲೀಸು, ಬಂದೂಕು ಬೇಕು. ಬಂದೂಕು ಬೇಡ ಅನ್ನುವ ಪಂಥದ ಹೆಂಗಸು ಅದೇ ಚಳವಳಿಯಲ್ಲಿ ಶಾಂತಿ ವಿಭಾಗ ನಡೆಸಿದರು. ಇದನ್ನೆಲ್ಲ ‘ಪಾನನಿಷೇಧ ಹೋರಾಟಗಾರ್ತಿ’ ಅಂತ ಒಂದೇ ಏಟಿಗೆ ಬರೆದರೆ ಆ ತಿಕ್ಕಾಟ ಮುಚ್ಚಿಹೋಗುತ್ತದೆ ಅಲ್ವಾ?

ನಾನು ಅಂದುಕೊಂಡಿರುವುದು ಇಷ್ಟು. ಕುಡಿಯುವುದಿಲ್ಲ ಅಂತ ಸಹಿ ಹಾಕುವುದಕ್ಕೆ ಮದ್ಯವರ್ಜನ, ಕಾನೂನಿಗೆ ಪಾನನಿಷೇಧ, ಇಡೀ ಚಳವಳಿಗೆ ಕುಡಿತವಿರೋಧಿ ಚಳವಳಿ. ಒಕ್ಕೂಟದ ಹೆಸರಿನಲ್ಲಿ ಮದ್ಯವರ್ಜನ ಇರಲಿ. ‘ಕುಡಿತವಿರೋಧಿ’ ಅನ್ನುವುದು ಸ್ವಲ್ಪ ಒರಟು ಅನ್ನಿಸಬಹುದು, ನನಗೆ ಒರಟೇ ಇಷ್ಟ.

ಶಾಂತಿಗೆ ಬರೋಣ. ಕನ್ನಡದಲ್ಲಿ ಶಾಂತಿ ಮಾಡಿಸಿದರು ಅಂದರೆ ಮೊದಲು ಜೋಯಿಸರು ಕಣ್ಣ ಮುಂದೆ ಬರುತ್ತಾರೆ. ‘ಬೇಯ್ಲಿ ಶಾಂತಿ ಕಾರ್ಯದಲ್ಲಿ ತೊಡಗಿದ್ದರು’ ಅಂದರೆ ಮಂತ್ರ, ಹೋಮ ಇಲ್ಲದಿದ್ದರೂ ಏನೋ ಸೌಮ್ಯವಾದ ಕೆಲಸ ಅನ್ನಿಸುತ್ತದೆ. ಆಕೆ ಮಾಡಿದ್ದು ಹಾಗಿರಲಿಲ್ಲ. ಶಾಲೆಗಳಲ್ಲಿ ಹುಡುಗರಿಗೆ ಮಿಲಿಟರಿ ಕವಾಯತು ಕಲಿಸುವುದನ್ನು ವಿರೋಧಿಸಿದರು. ಮಕ್ಕಳ ಕೈಗೆ ಆಟಿಕೆ ಬಂದೂಕು, ಕತ್ತಿ ಕೊಡಬೇಡಿ ಅಂದರು. ಹಣ ಕಟ್ಟಿ ಹೊಡೆದಾಡಿಸುವ ಮುಷ್ಟಿಕಾಳಗ, ಗುಂಪು ಸೇರಿ ಕೊಲ್ಲುವುದು, ಬಲವಂತವಾಗಿ ಸೈನ್ಯಕ್ಕೆ ಸೇರಿಸುವುದು, ಇವೆಲ್ಲದರ ವಿರುದ್ಧ ಬರೆದರು. ದೊಡ್ಡವರಿಗೊಂದು, ಮಕ್ಕಳಿಗೊಂದು ಪತ್ರಿಕೆ ಹೊರಡಿಸಿದರು. ಇದಕ್ಕೆ ‘ಯುದ್ಧವಿರೋಧಿ’ ಪದವೇ ಹತ್ತಿರ. ವಿಭಾಗದ ಹೆಸರು ಹೇಳುವಾಗ ಮಾತ್ರ ಶಾಂತಿ ಸಾಕು.

ಆ ಹೆಸರಿನ ಇನ್ನರ್ಧ ಆರ್ಬಿಟ್ರೇಶನ್. ಅದು ಶಾಂತಿ ಮತ್ತು ಆರ್ಬಿಟ್ರೇಶನ್ ವಿಭಾಗ. ಇದಕ್ಕೆ ಮಧ್ಯಸ್ಥಿಕೆ ಅಂತ ಬರೆಯುವುದು ರೂಢಿ. ಆದರೆ ಈಗ ಕೋರ್ಟುಗಳಲ್ಲಿ ಮಧ್ಯಸ್ಥಿಕೆ ಕೇಂದ್ರ ಅಂದರೆ ಇಬ್ಬರನ್ನೂ ಕೂರಿಸಿ ಮಾತಾಡಿಸುವ ಜಾಗ. ಅಲ್ಲಿ ಕೂತವರು ತೀರ್ಪು ಕೊಡುವುದಿಲ್ಲ. ಸಂಧಾನ, ರಾಜಿ ಇವೂ ಅಷ್ಟೇ, ಇಬ್ಬರೂ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆರ್ಬಿಟ್ರೇಶನ್‌ನಲ್ಲಿ ಹಾಗಲ್ಲ, ಮೂರನೆಯವರು ಹೇಳಿದ್ದನ್ನು ಕೇಳುತ್ತೇವೆ ಅಂತ ಮೊದಲೇ ಒಪ್ಪಿ ಕೂರಬೇಕು.

ಆ ಕಾಲದ ಶಾಂತಿವಾದಿಗಳೆಲ್ಲ ಎತ್ತಿ ಹೇಳುತ್ತಿದ್ದ ಉದಾಹರಣೆ ಅಲಬಾಮಾ ಹಡಗಿನದು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರಿಗಾಗಿ ಇಂಗ್ಲೆಂಡಿನಲ್ಲಿ ಕಟ್ಟಿದ ಹಡಗು ಅದು, ಉತ್ತರದವರ ವ್ಯಾಪಾರಿ ಹಡಗುಗಳನ್ನು ಹಾಳುಮಾಡಿತು. ನಷ್ಟ ಕೊಡಿ ಅಂತ ಅಮೆರಿಕ ಪಟ್ಟು ಹಿಡಿಯಿತು. ಕೊನೆಗೆ ಎರಡೂ ದೇಶ ಜಿನೀವಾದಲ್ಲಿ ತೀರ್ಮಾನಕ್ಕೆ ಬಿಟ್ಟವು. ಅಮೆರಿಕದವರೊಬ್ಬರು, ಬ್ರಿಟನ್ನಿನವರೊಬ್ಬರು, ಇಟಲಿ, ಸ್ವಿಟ್ಜರ್ಲೆಂಡ್, ಬ್ರೆಜಿಲ್‌ನಿಂದ ಒಬ್ಬೊಬ್ಬರು. ಲೆಕ್ಕ ಹಾಕಿ, ಐದು ಜನ. 1872ರಲ್ಲಿ ಬ್ರಿಟನ್ 1 ಕೋಟಿ 55 ಲಕ್ಷ ಡಾಲರ್ ಕೊಡಬೇಕು ಅಂತ ತೀರ್ಪಾಯಿತು. ಬ್ರಿಟನ್ ಕೊಟ್ಟಿತು ಕೂಡ, ಒಂದು ಗುಂಡೂ ಹಾರಲಿಲ್ಲ.

ಇದು ಪಂಚಾಯ್ತಿ ಅಲ್ಲದೆ ಇನ್ನೇನು? ಐದು ಜನ ಕೂತದ್ದು ಆಕಸ್ಮಿಕ ಇರಬಹುದು, ಆದರೆ ಕೆಲಸ ಪಂಚರದ್ದೇ. ‘ದೇಶ ದೇಶಗಳ ಜಗಳ ಪಂಚಾಯ್ತಿಗೆ ಹಾಕಬೇಕು, ರಣರಂಗಕ್ಕಲ್ಲ’ ಅಂತ ಬರೆದರೆ ನಮ್ಮ ಅಜ್ಜಿಗೂ ಅರ್ಥವಾಗುತ್ತದೆ. ಒಂದೇ ಅಡ್ಡಿ, ಈಗ ಪಂಚಾಯ್ತಿ ಅಂದ ಕೂಡಲೇ ಗ್ರಾಮ ಪಂಚಾಯ್ತಿ ಆಫೀಸು, ನಲ್ಲಿ ನೀರು, ಖಾತೆ ನೆನಪಾಗುತ್ತದೆ. ಕುಂದಾಪುರದ ಕಡೆ ಪಂಚಾತಿಗೆ ಅನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಊರಿನ ದೈವದವರು (ಅಂದರೆ ಹಿರಿಯರು) ಕೂಡಿ ನ್ಯಾಯ ಬಗೆಹರಿಸಿದರು ಅನ್ನುತ್ತಾರೆ. ‘ಪಂಚಾಯ್ತಿ ತೀರ್ಮಾನ’ ಅಂತ ಎರಡು ಪದ ಸೇರಿಸಿದರೆ ನಡೆಯುತ್ತಾ?

ಸಫ್ರೇಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮತ ಅಂದರೆ ಓಟು, ಮತ ಅಂದರೆ ಧರ್ಮ. ‘ಕ್ವೇಕರ್ ಮತದ ಬೇಯ್ಲಿ ಮಹಿಳೆಯರ ಮತಕ್ಕಾಗಿ ದುಡಿದರು’ ಅಂತ ಬರೆದರೆ ಓದುವವರು ಎರಡು ಸಲ ಓದಬೇಕು. ಹಾಗಾಗಿ ಕ್ವೇಕರ್ ಪಂಥ, ಹೆಂಗಸರ ಓಟಿನ ಹಕ್ಕು. ವಿಲ್ಲರ್ಡ್ ಇದನ್ನು ಮನೆ ಕಾಯುವ ಓಟು ಅನ್ನುವ ಅರ್ಥದಲ್ಲಿ ಪ್ರಚಾರ ಮಾಡಿದರು, ಗಂಡ ಕುಡಿದು ಮನೆ ಹಾಳಾಗುತ್ತಿದ್ದರೂ ಅದರ ಕಾನೂನಿನಲ್ಲಿ ಹೆಂಡತಿಗೆ ಮಾತಿಲ್ಲ ಅನ್ನುವುದು ಅವರ ವಾದ. ಕುಡಿತದಿಂದ ಓಟಿಗೆ ದಾರಿ ಹೀಗೆ. ಕ್ವೇಕರ್ ಸಭೆಗಳಲ್ಲಂತೂ ಹೆಂಗಸರು ಎದ್ದು ಮಾತಾಡುವುದು ಮೊದಲಿನಿಂದ ಇತ್ತು, ಹೊರಗೆ ಮಾತ್ರ ಬಾಯಿ ಮುಚ್ಚಿಕೊಳ್ಳಿ ಅಂದರೆ ಬೇಯ್ಲಿಯಂಥವರು ಕೇಳುತ್ತಾರಾ? 1920ರಲ್ಲಿ ಅಮೆರಿಕದ ಹೆಂಗಸರಿಗೆ ಸಂವಿಧಾನದ ತಿದ್ದುಪಡಿಯಿಂದ ಓಟು ಸಿಕ್ಕಿದಾಗ ಆಕೆಗೆ 81 ವರ್ಷ. (ಅಂದ ಹಾಗೆ ಕ್ವೇಕರ್ ಓಟ್ಸ್ ಡಬ್ಬಕ್ಕೂ ಈ ಪಂಥಕ್ಕೂ ಸಂಬಂಧವಿಲ್ಲ, ಕೇಳುವವರು ಇದ್ದೇ ಇರುತ್ತಾರೆ.)

ಎರಡು ವಿಷಯ ಕೇಳಬೇಕಿತ್ತು. ಕಾರ್ಕಳದ ಮಾಳ ಕಡೆಯ ಗಂಗಾಮೂಲದಲ್ಲಿ ಹುಟ್ಟಿದ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ 1886ರಿಂದ ಅಮೆರಿಕದಲ್ಲಿದ್ದಾಗ ವಿಲ್ಲರ್ಡ್ ಜೊತೆ ಸ್ನೇಹವಾಗಿ, ಈ ಒಕ್ಕೂಟದ ಕೆಲಸವನ್ನು ಹತ್ತಿರದಿಂದ ನೋಡಿದ್ದರು. 1889ರಲ್ಲಿ ಅಮೆರಿಕದ ಜನಜೀವನದ ಬಗ್ಗೆ ಮರಾಠಿಯಲ್ಲಿ ಪುಸ್ತಕವನ್ನೂ ಬರೆದರು. ಅದನ್ನು ಮರಾಠಿಯಲ್ಲೇ ಓದಿದವರು ಇಲ್ಲಿದ್ದರೆ, ಟೆಂಪರೆನ್ಸ್‌ಗೆ ಅವರು ಬಳಸಿದ ಪದ ಯಾವುದು ಹೇಳಿ. ಕನ್ನಡಕ್ಕೂ ಒಗ್ಗುವ ಪದ ಸಿಕ್ಕರೆ ಮೇಲಿನ ನನ್ನ ಹಂಚಿಕೆಯನ್ನೆಲ್ಲ ಬಿಡಲು ತಯಾರು.

ಇನ್ನೊಂದು ಆಯಿಲ್‌ಕ್ಲಾತ್. ದಪ್ಪ ಬಟ್ಟೆಗೆ ಎಣ್ಣೆ, ಬಣ್ಣ ಬಳಿದು ಒಣಗಿಸಿ, ನೀರು ಹಿಡಿಯದ ಹಾಗೆ ಮಾಡಿ ನೆಲಕ್ಕೆ ಹಾಸುತ್ತಿದ್ದದ್ದು. ಮೇಣಬಟ್ಟೆ ಅನ್ನಬಹುದು, ಆದರೆ ಇದರಲ್ಲಿ ಮೇಣ ಇಲ್ಲ. ರೆಕ್ಸಿನ್ ಅಂದರೆ ಕಾಲ ತಪ್ಪುತ್ತದೆ. ಹಳೆಯ ಅಂಗಡಿಯವರು, ಟೈಲರುಗಳು ಏನನ್ನುತ್ತಿದ್ದರು? ಗೊತ್ತಿದ್ದವರು ಬರೆಯಿರಿ.