ಪ್ರಜ್ಞೆಯ ಟ್ಯೂರಿಂಗ್ ಯಂತ್ರ: ಲೆಕ್ಕ ಯಾಕೆ ತಪ್ತಿದೆ?

ಮಡಿಕೇರಿ_ಮಂಜು:
ಕಂಪ್ಯೂಟರ್ ವಿಜ್ಞಾನಿ ದಂಪತಿ ಲೆನೋರ್ ಮತ್ತು ಮ್ಯಾನುಯೆಲ್ ಬ್ಲಮ್ ಅವರ ಪ್ರಜ್ಞೆಯ ಮಾದರಿ ಇದು: ಒಂದೊಂದು ಪ್ರೊಸೆಸರ್ ಒಂದೊಂದು ಸುದ್ದಿ ತುಣುಕನ್ನು ತೂಕ (ಮಹತ್ವ) ಹಚ್ಚಿ ಕಳಿಸುತ್ತೆ, ಅವು ಜೋಡಿ ಜೋಡಿಯಾಗಿ ಸ್ಪರ್ಧಿಸಿ ಗೆದ್ದದ್ದು ಮೇಲಿನ ಸುತ್ತಿಗೆ ಹೋಗುತ್ತೆ. ಅದನ್ನು ನಾಲ್ಕೇ ಪ್ರೊಸೆಸರ್ ಇಟ್ಟು ಪೈಥಾನ್‌ನಲ್ಲಿ ಬರೆದಿದ್ದೇನೆ. ಕಣದಲ್ಲಿ ಕಾಫಿ ಹರವಿದೆ ಅಂತಿಟ್ಟುಕೊಳ್ಳಿ. ತೂಕಗಳು: ಮಳೆ ಸದ್ದು 6, ಹಸಿವು 2, ಫೋನ್ 1, ನಾಯಿ ಬೊಗಳು 1. ಮಳೆ-ಹಸಿವು ಒಂದು ಜೋಡಿ, ಫೋನ್-ನಾಯಿ ಇನ್ನೊಂದು. ತೂಕದ ಪಾಲಿನಂತೆ ಮಳೆ ಗೆಲ್ಲಬೇಕಾದ್ದು 60%, ಬರ್ತಿರೋದು 64%. ಹಸಿವು, ಫೋನ್ ಜಾಗ ಅದಲುಬದಲು ಮಾಡಿದರೆ 67%!

ಕಣದ_ಕಾವಲು:
ಗೆದ್ದ ತುಣುಕು ತನ್ನ ತೂಕ ಮಾತ್ರ ಹೊತ್ತು ಮೇಲೆ ಹೋಗ್ತಿದೆ, ಅದೇ ತಪ್ಪು. ಸೋತವರದ್ದನ್ನೂ ಕೂಡಿಸಿ ಕಳಿಸಿ. ಮೊದಲ ಜೋಡಿಯಲ್ಲಿ ಮಳೆಗೆ 6/8, ಮೇಲಿನ ಸುತ್ತಿನಲ್ಲಿ ಆ ಬದಿಗೆ 8/10. ಗುಣಿಸಿದರೆ 6/10. ಆಮೇಲೆ ಯಾರು ಎಲ್ಲಿ ಕೂತರೂ ವ್ಯತ್ಯಾಸವಿಲ್ಲ.

ಮಡಿಕೇರಿ_ಮಂಜು:
ಸರಿಹೋಯ್ತಣ್ಣ, 60% ಬಂತು. ದೊಡ್ಡದೇ ಗೆಲ್ಲಲಿ ಅಂತ ನೇರವಾಗಿ ಬರೆದರೆ ಏನು ನಷ್ಟ?

ಕಣದ_ಕಾವಲು:
ಮಳೆ ನಿಲ್ಲೋತನಕ ಹಸಿವಿಗೆ ಬಾಯೇ ಇರಲ್ಲ. ತೂಕಕ್ಕೆ ತಕ್ಕಷ್ಟು ಅವಕಾಶ ಕೊಟ್ಟು ನಾಣ್ಯ ಚಿಮ್ಮೋದು ಅದಕ್ಕೇ. ಇನ್ನೊಂದು, ಗೆದ್ದದ್ದನ್ನು ಎಲ್ಲ ಪ್ರೊಸೆಸರ್‌ಗೂ ಒಟ್ಟಿಗೆ ಬಿತ್ತರಿಸೋದನ್ನು ಮರೀಬೇಡಿ. ಈ ಮಾದರಿಯಲ್ಲಿ ಪ್ರಜ್ಞಾಪೂರ್ವಕ ಗಮನ ಅಂದರೆ ಅದೇ. 1 ಕೋಟಿ ಪ್ರೊಸೆಸರ್ ಇದ್ದರೂ ಈ ಜೋಡಿ ಸ್ಪರ್ಧೆಗಳ ಮರದ ಎತ್ತರ 24 ಹಂತ ಅಷ್ಟೇ. ಯಂತ್ರದ ಗಡಿಯಾರದ ಪ್ರತಿ ಮಿಡಿತಕ್ಕೂ ಹೊಸ ಸ್ಪರ್ಧೆ ಶುರುವಾಗ್ತಾ ಇರುತ್ತೆ, ಹಳೇದು ಮುಗೀಲಿ ಅಂತ ಕಾಯಲ್ಲ.

ಕುಶಾಲನಗರ_ಕೋಡ್:
ಬಿತ್ತರಿಸೋ ಕಲ್ಪನೆ ಮನೋವಿಜ್ಞಾನಿ ಬರ್ನಾರ್ಡ್ ಬಾರ್ಸ್ 1988ರಲ್ಲೇ ಹೇಳಿದ್ದು. ಬ್ಲಮ್ ದಂಪತಿ ಅದನ್ನು ಗಣಿತಕ್ಕೆ ಇಳಿಸಿದರು. ಆದರೆ 'ಮಳೆ' ಅನ್ನೋ ಸುದ್ದಿ ಎಲ್ಲರಿಗೂ ತಲುಪಿದ ಮಾತ್ರಕ್ಕೆ ಒದ್ದೆಯಾದ ಅನುಭವ ಎಲ್ಲಿಂದ ಬಂತು? ಅವರು ಅದಕ್ಕೆ 'ಬ್ರೈನಿಷ್' ಅನ್ನೋ ಒಳಭಾಷೆಯನ್ನೂ ಯಂತ್ರ ಕಟ್ಟಿಕೊಳ್ಳೋ ಲೋಕದ ಮಾದರಿಯನ್ನೂ ತೋರಿಸ್ತಾರೆ. ನನಗಂತೂ ಆ ಭಾಗ ಇನ್ನೂ ಹಸಿ ಕಾಫಿ, ಒಣಗಿಲ್ಲ.